ಸರಪಳಿಯ ಎಡಗಡೆ

ತೀರ್ಥಹಳ್ಳಿಯ ಆಸ್ಪತ್ರೆಯಿಂದ ಹೊರಗೆ ಬಂದ ದಿನ ನನ್ನ ಎಡಗೈ ಕಾಫಿ ಲೋಟ ಹಿಡಿಯುತ್ತಿತ್ತು. ಎಡಗಾಲು ಸ್ವಲ್ಪ ಎಳೆದುಕೊಂಡಾದರೂ ನಡೆಯುತ್ತಿತ್ತು, ಮಾತು ಸ್ಪಷ್ಟವಾಗಿತ್ತು. ಲಕ್ವ ಹೊಡೆದವನಿಗೆ ಇದಕ್ಕಿಂತ ಹೆಚ್ಚು ಇನ್ನೇನು ಬೇಕು ಎಂದು ವಾರ್ಡಿನಲ್ಲಿದ್ದವರೆಲ್ಲ ಹೇಳಿದರು. ನಾನೂ ಹಾಗೇ ನಂಬಿದೆ. ಮೂರು ತಿಂಗಳ ರಜೆಯನ್ನು ಎರಡೂವರೆ ತಿಂಗಳಿಗೇ ಮುಗಿಸಿ, ಫಿಟ್‌ನೆಸ್ ಸರ್ಟಿಫಿಕೇಟು ಜೇಬಿನಲ್ಲಿಟ್ಟುಕೊಂಡು ಹೊಸನಗರದಲ್ಲಿ ಕೆಲಸಕ್ಕೆ ಹಾಜರಾದೆ. ರಜೆಯಲ್ಲಿ ಕೂತು ಮಾಡುವುದಾದರೂ ಏನು? ಹೆಂಡತಿ ತೀರಿಕೊಂಡು ಆರು ವರ್ಷವಾಗಿತ್ತು, ಮಕ್ಕಳಿರಲಿಲ್ಲ. ನಾನು ಮೈಸೂರು ಕಡೆಯವನು. ಈ ಸೀಮೆಯಲ್ಲಿ ನನ್ನವರು ಅನ್ನುವವರು ಯಾರೂ ಇರಲಿಲ್ಲ. ಬಾಡಿಗೆ ಕೋಣೆಯ ಗೋಡೆ ನೋಡುತ್ತ ಕೂರುವುದಕ್ಕಿಂತ ಬಿಸಿಲಿನಲ್ಲಿ ಸರಪಳಿ ಎಳೆಸುವುದು ಎಷ್ಟೋ ವಾಸಿ ಅನ್ನಿಸಿತ್ತು.

ನನ್ನದು ಮೋಜಣಿ ಕೆಲಸ, ಅಂದರೆ ಜಮೀನು ಅಳೆಯುವುದು. ಲಿಂಗನಮಕ್ಕಿಯ ನೀರು ಏರಿ ಊರು ಕಳೆದುಕೊಂಡ ಹನ್ನೆರಡು ಸಂಸಾರಗಳಿಗೆ ರಿಪ್ಪನ್‌ಪೇಟೆಯ ಆಚೆ ಕಾಡಿನ ಅಂಚಿನಲ್ಲಿ ಜಾಗ ತೋರಿಸಿದ್ದರು. ಮನೆಗೆ ಮೂರು ಎಕರೆಯವರೆಗೆ ಕೊಡಬಹುದು ಎಂದು ಆದೇಶ. ಅವರು ಪೊದೆ, ಮಟ್ಟಿ ಕಡಿದು, ಗುಡಿಸಲು ಹಾಕಿ, ಮುಳ್ಳಿನ ಬೇಲಿ ಕಟ್ಟಿಕೊಂಡು ಕೂತಾಗಿತ್ತು. ಯಾರ ಸಾಗುವಳಿ ಎಲ್ಲಿಂದ ಎಲ್ಲಿಯವರೆಗೆ ಎಂದು ಅಳೆದು, ಗಡಿಗೆ ಬಾಂದು ಕಲ್ಲು ನೆಡಿಸಿ, ಟಿಪ್ಪಣಿ ಬರೆದು ಸಾಗರದ ಕಚೇರಿಗೆ ಕಳಿಸುವುದು ನನ್ನ ಪಾಲಿನ ಕೆಲಸ. ಟಿಪ್ಪಣಿ ಎಂದರೆ ಜಮೀನಿನ ನಕ್ಷೆಯ ಮೊದಲ ಹಾಳೆ. ಅದರಲ್ಲಿ ಬಂದದ್ದು ಹಕ್ಕುಪತ್ರದಲ್ಲಿ ಬರುತ್ತದೆ. ಬಾರದ್ದು ಕಾಡಿಗೆ ವಾಪಸು. ಆ ಹನ್ನೆರಡು ಮನೆಯವರೂ ಮುಳುಗಿದ ಊರಿನಲ್ಲಿ ಇನ್ನೊಬ್ಬರ ಗದ್ದೆಯನ್ನು ಗೇಣಿಗೆ ಮಾಡಿದವರು. ಸ್ವಂತ ಹೆಸರಿನಲ್ಲಿ ಮಣ್ಣು ಕಾಣುವುದು ಅವರಿಗೆ ಅದೇ ಮೊದಲು.

ಅಳೆಯುವ ಕ್ರಮ ಸರಳ. ಜಮೀನಿನ ನಟ್ಟನಡುವೆ ಒಂದು ತುದಿಯಿಂದ ಇನ್ನೊಂದು ತುದಿಗೆ ನೇರ ಗೆರೆ ಹಿಡಿಯುತ್ತೇವೆ. ಎರಡು ತುದಿಗೂ ಬಾವುಟದ ಕೋಲು. ಆ ಗೆರೆಯ ಮೇಲೆ ಮೂವತ್ತಮೂರು ಅಡಿಯ ಸರಪಳಿ ಹಾಸುತ್ತ ಹೋಗಬೇಕು. ಒಂದು ಸರಪಳಿಗೆ ಹದಿನಾರು ಆಣೆ. ಬೇಲಿ ಎಲ್ಲೆಲ್ಲಿ ತಿರುಗುತ್ತದೋ ಅದರ ನೇರಕ್ಕೆ ನಿಂತು, ಇಲ್ಲಿಂದ ಎಡಬೇಲಿಗೆ ಎಷ್ಟು, ಬಲಬೇಲಿಗೆ ಎಷ್ಟು ಎಂದು ಅಡ್ಡ ಅಳತೆ ತೆಗೆಯಬೇಕು. ಪುಸ್ತಕದ ಪುಟದ ನಡುವೆ ಜೋಡಿಗೆರೆ ಇರುತ್ತದೆ. ಎಡದ ಅಳತೆಯನ್ನು ಅದರ ಎಡಕ್ಕೆ, ಬಲದ್ದನ್ನು ಬಲಕ್ಕೆ ಬರೆಯುತ್ತೇವೆ. ಬರವಣಿಗೆ ಕೆಳಗಿನಿಂದ ಮೇಲಕ್ಕೆ, ಕಾಲು ನಡೆದ ಹಾಗೆಯೇ ಪೆನ್ಸಿಲ್ಲೂ ನಡೆಯುತ್ತದೆ. ಹತ್ತೊಂಬತ್ತು ವರ್ಷ ಇದನ್ನೇ ಮಾಡಿದ್ದೆ. ಅದಕ್ಕೆ ತಲೆ ಬೇಕಾಗುತ್ತದೆ ಎಂಬುದೇ ಮರೆತುಹೋಗಿತ್ತು.

ನನ್ನ ಜೊತೆಗಿದ್ದವನು ಐವತ್ತು ದಾಟಿದ ಚೈನ್‌ಮನ್. ಹೊಸನಗರದ ಹತ್ತಿರದ ರೈತ ಮನೆಯವನು, ನನಗಿಂತ ಮೊದಲೇ ಸರಪಳಿ ಹಿಡಿದವನು. ಇಬ್ಬರೂ ಸೇರಿ ದಿನಕ್ಕೆ ಎರಡು ಜಮೀನು ಮುಗಿಸತೊಡಗಿದೆವು. ಮೊದಲಾದರೆ ಒಂದಕ್ಕೇ ದಿನ ಸಾಲುತ್ತಿರಲಿಲ್ಲ. ಲಕ್ವ ಹೊಡೆದು ಎದ್ದವನು ಮೊದಲಿಗಿಂತ ಚುರುಕಾಗಿದ್ದೇನೆ ಎಂದು ನನಗೆ ಒಳಗೊಳಗೇ ಹೆಮ್ಮೆ. ಸಾಗರದ ಹೆಡ್ ಸರ್ವೇಯರೂ ಹೊಗಳಿ ಚೀಟಿ ಕಳಿಸಿದರು. ಗಡಿಗಳು ನೇರವಾಗಿವೆ, ಯಾರೊಬ್ಬರೂ ಮೂರು ಎಕರೆ ದಾಟಿಲ್ಲ ಎಂದು ಅದರಲ್ಲಿ ಬರೆದಿತ್ತು. ಆ ಚೀಟಿಯನ್ನು ಮಡಚಿ ಪುಸ್ತಕದಲ್ಲಿಟ್ಟುಕೊಂಡಿದ್ದೆ.

ಊಟ ಹೊಸನಗರದ ಒಂದು ಮೆಸ್ಸಿನಲ್ಲಿ. ನಡೆಸುತ್ತಿದ್ದವರು ಹವ್ಯಕರ ಹೆಂಗಸು. ಅವರ ಅಪ್ಪೆಮಿಡಿ ಉಪ್ಪಿನಕಾಯಿಗೆ ಬಸ್ ಏಜೆಂಟರೂ ಕಾದು ಕೂರುತ್ತಿದ್ದರು. ಒಂದು ದಿನ ನಾನು ರೇಗಿಬಿಟ್ಟೆ. "ಏನಮ್ಮಾ, ಒಂದು ವಾರದಿಂದ ನೋಡ್ತಿದೀನಿ. ಎಲ್ಲರ ಎಲೆಗೂ ಉಪ್ಪಿನಕಾಯಿ, ನನ್ನ ಎಲೆಗೆ ಮಾತ್ರ ಇಲ್ಲ. ಉಪ್ಪೂ ಇಲ್ಲ."

"ಅಯ್ಯೋ, ಹಾಕಿದೀನಲ್ರೀ. ದಿನಾ ಹಾಕ್ತೀನಿ, ನೀವು ದಿನಾ ಬಿಟ್ಟೇಳ್ತೀರಿ. ಡಾಕ್ಟರು ಬಿಡಿಸಿದಾರೇನೋ ಅಂದ್ಕೊಂಡೆ."

ಎಲೆ ನೋಡಿದೆ. ಅನ್ನ ಇತ್ತು, ಪಲ್ಯ ಇತ್ತು. ಉಪ್ಪಿನಕಾಯಿ ಇರಲಿಲ್ಲ. ಅವರು ಬೇಸರದಿಂದ ಒಳಗೆ ತಿರುಗಿ ಗಂಡನಿಗೆ ಹೇಳುವುದು ಕೇಳಿಸಿತು: "ಎಂತ ಆಜೋ ಇವಕ್ಕೆ! ಕಣ್ಣೆದ್ರಿಗೇ ಇದ್ದು, ಕಾಣ್ತಿಲ್ಲೆ." ಉಪ್ಪು, ಉಪ್ಪಿನಕಾಯಿ, ಚಟ್ನಿ ಇವೆಲ್ಲ ಎಲೆಯ ಎಡಗಡೆಗೆ ಬಡಿಸುವಂಥವು. ಅಷ್ಟು ಸಣ್ಣ ವಿಷಯ ನನ್ನ ತಲೆಗೆ ಹೊಳೆಯಲಿಲ್ಲ. ಹೆಂಗಸು ಜಿಪುಣಿ ಎಂದುಕೊಂಡು ಎದ್ದೆ.

ಈಗ ಯೋಚಿಸಿದರೆ, ಮನೆಯಲ್ಲಿ ಒಂದು ಜೀವ ಇದ್ದಿದ್ದರೆ ವಾರದೊಳಗೆ ಗೊತ್ತಾಗುತ್ತಿತ್ತು. ಎಡಭುಜ ದಿನವೂ ಬಾಗಿಲಿಗೆ ಬಡಿಯುತ್ತಿತ್ತು. ಎಡಗಾಲಿನ ಚಪ್ಪಲಿ ಇಲ್ಲದೆಯೇ ಒಮ್ಮೆ ಬಸ್ ಸ್ಟ್ಯಾಂಡಿನವರೆಗೆ ಹೋಗಿದ್ದೆ. ಕೈ ನಡುಗುತ್ತದೆ ಎಂದು ಕ್ಷೌರವನ್ನು ಹೊರಗೇ ಮಾಡಿಸುತ್ತಿದ್ದೆನಾದ್ದರಿಂದ ಅರ್ಧ ಗಡ್ಡ ಉಳಿದು ನಗೆಪಾಟಲಾಗುವುದೂ ತಪ್ಪಿತ್ತು. "ಅಂಗಿಯ ಎಡತೋಳು ಹಾಕ್ಕೊಳ್ಳಿ" ಎಂದು ಗದರುವವರು ಬೇಕಿತ್ತು ನನಗೆ. ಒಂಟಿಯಾಗಿರುವವನ ತಪ್ಪನ್ನು ಲೋಕ ಸಭ್ಯವಾಗಿ ನೋಡಿಯೂ ನೋಡದ ಹಾಗೆ ಇದ್ದುಬಿಡುತ್ತದೆ.

ಹನ್ನೆರಡೂ ಜಮೀನಿನ ಅಳತೆ ಮುಗಿದು, ಟಿಪ್ಪಣಿ ಸಾಗರಕ್ಕೆ ಹೋಗಿ ಹದಿನೈದು ದಿನವಾಗಿತ್ತು. ಒಂದು ಬೆಳಗ್ಗೆ ಆ ಮುಳುಗಡೆಯ ಹೆಂಗಸೊಬ್ಬಳು ಕಚೇರಿಗೆ ಬಂದಳು. ಗಂಡನಿಲ್ಲದವಳು, ಹನ್ನೆರಡು ಮನೆಗಳಲ್ಲಿ ಐದನೆಯದು ಅವಳದು. ಜಗುಲಿಯಲ್ಲಿ ನಿಂತೇ ಕೇಳಿದಳು.

"ಅಯ್ಯಾ, ನನ್ನ ನೀರಿನ ಗುಂಡಿ ಸರ್ಕಾರಕ್ಕೆ ಯಾಕೆ ಬೇಕಾತು?"

"ಯಾವ ನೀರಿನ ಗುಂಡಿ?"

"ನಮ್ಮ ಒರತೆ. ಬೇಸಿಗೇಲೂ ಬತ್ತದಿಲ್ಲ. ಅದರ ಸುತ್ತ ಹರಿವೆ, ಸೌತೆ ಹಾಕಿದೀನಿ, ಬಸಳೆ ಚಪ್ಪರ ಐತೆ. ನಿನ್ನೆ ಫಾರೆಸ್ಟಿನೋರು ಬಂದು, ಕಲ್ಲಿಂದ ಆಚೆ ನಿಂದಲ್ಲ, ಬೇಲಿ ಕೀಳು ಅಂದ್ರು. ಎಂಟು ದಿನ ಕೊಟ್ಟಾರೆ."

"ನಿನ್ನ ಜಮೀನಿನಲ್ಲಿ ಒರತೆ ಇಲ್ಲಮ್ಮ. ನಾನೇ ಅಳೆದಿದೀನಿ."

ಅವಳು ನನ್ನ ಮುಖವನ್ನೇ ನೋಡಿದಳು. "ಅದರ ದಡದಲ್ಲೇ ನಿಂತಿದ್ರಲ ಅಯ್ಯ ನೀವು. ನಾನು ಬಸಳೆ ಬುಡದಿಂದ ಕೂಗಿದೆ. ನೀವು ಆ ಕಡೆ ಮುಖ ಮಾಡಿ 'ಏನು?' ಅಂದ್ರಿ."

ಹತ್ತೊಂಬತ್ತು ವರ್ಷದ ಸರ್ವಿಸಿನಲ್ಲಿ ನನ್ನ ಅಳತೆಯನ್ನು ಯಾರೂ ಸುಳ್ಳು ಅಂದಿರಲಿಲ್ಲ. ಚೈನ್‌ಮನ್‌ನನ್ನು ಕರೆದುಕೊಂಡು ಅವಳ ಜೊತೆ ಆಗಲೇ ರಿಪ್ಪನ್‌ಪೇಟೆಯ ಬಸ್ ಹತ್ತಿದೆ. ಅವಳ ಮುಖಕ್ಕೆ ಅಳತೆ ಪುಸ್ತಕ ಹಿಡಿದು ಬಾಯಿ ಮುಚ್ಚಿಸುವುದು ನನ್ನ ಉದ್ದೇಶ.

ಮೊದಲ ಬಾವುಟದಿಂದ ಕೊನೆಯ ಬಾವುಟದವರೆಗೆ ಗೆರೆ ಹಿಡಿದು ನಡೆದೆ. ಗುಡಿಸಲು ಕಂಡಿತು, ಹುಲ್ಲಿನ ಬಣವೆ ಕಂಡಿತು, ಬೇಲಿ ಕಂಡಿತು. ಒರತೆ ಕಾಣಲಿಲ್ಲ. ತುದಿಯಲ್ಲಿ ನಿಂತು ಗೆದ್ದವನ ಹಾಗೆ ಕೇಳಿದೆ, "ಎಲ್ಲಿದೆ, ತೋರಿಸು?" ಚೈನ್‌ಮನ್ ನೆಲ ನೋಡುತ್ತಿದ್ದ. ಅವನು ಸರಪಳಿ ಸುತ್ತಿಕೊಳ್ಳಲಿ ಎಂದು ನಾನು ಬಂದ ದಾರಿಯಲ್ಲೇ ಹಿಂತಿರುಗಿ ಹೊರಟೆ.

ನಾಲ್ಕು ಹೆಜ್ಜೆಗೆ ಬಲಗಡೆ ನೀರು ಕಂಡಿತು. ಆಳುದ್ದದ ಅಗಲದ ತಿಳಿನೀರು. ಅದರ ಅಂಚಿಗೆ ಕೆಂಪು ಹರಿವೆ, ಚಪ್ಪರದ ತುಂಬ ಬಸಳೆ. ಚಪ್ಪರದ ಕೆಳಗೆ ಒಂದು ಕೊಡ ಇತ್ತು.

ನಾನು ನಿಂತೆ. ಮತ್ತೆ ಕೊನೆಯ ಬಾವುಟದ ಕಡೆ ತಿರುಗಿದೆ. ನೀರು ಹೋಯಿತು. ಅಲ್ಲಿ ಕತ್ತಲೆ ಇರಲಿಲ್ಲ, ಮಬ್ಬೂ ಇರಲಿಲ್ಲ. ಏನೋ ಕಾಣುತ್ತಿಲ್ಲ ಎಂಬ ಅನುಮಾನಕ್ಕೂ ಅಲ್ಲಿ ಜಾಗವಿರಲಿಲ್ಲ. ಜಮೀನು ಅಲ್ಲಿಗೇ ಮುಗಿದಿತ್ತು, ಅಷ್ಟೆ. ಹಿಂದಕ್ಕೆ ತಿರುಗಿದೆ, ನೀರು ಬಂತು. ಹೀಗೆ ನಾಲ್ಕು ಸಲ ತಿರುಗಿದೆ. ಆ ಹೆಂಗಸು, ಚೈನ್‌ಮನ್, ಪಕ್ಕದ ಗುಡಿಸಲಿನಿಂದ ಬಂದ ಇಬ್ಬರು, ಎಲ್ಲರೂ ನನ್ನ ಗಿರಕಿ ನೋಡುತ್ತ ನಿಂತಿದ್ದರು. ಅಷ್ಟು ಜನರ ನಡುವೆ ನಾನು ಅಷ್ಟು ಒಬ್ಬಂಟಿಯಾಗಿ ಎಂದೂ ನಿಂತಿರಲಿಲ್ಲ. ಹೆಂಡತಿಯನ್ನು ಸುಟ್ಟು ಬಂದ ದಿನವೂ ಇಲ್ಲ.

ಅಲ್ಲೇ ಕೂತು ಅಳತೆ ಪುಸ್ತಕ ತೆಗೆದೆ. ಪುಟವನ್ನು ತಲೆಕೆಳಗು ಮಾಡಿ ಹಿಡಿದು ನೋಡಿದೆ. ಜೋಡಿಗೆರೆಯ ಎಡದ ಅಂಕಣ, ಹನ್ನೆರಡು ಜಮೀನಿನ ಹನ್ನೆರಡು ಪುಟದಲ್ಲೂ, ಖಾಲಿ. ಜಮೀನಿನ ನಡುವೆ ಹಿಡಿದ ಗೆರೆಯನ್ನೇ ಎಡದ ಗಡಿ ಮಾಡಿ ಕಲ್ಲು ನೆಡಿಸಿದ್ದೆ. ಗಡಿ ನೇರವಾಗಿ ಬಾರದೆ ಇನ್ನೇನು! ಯಾರೂ ಮೂರು ಎಕರೆ ದಾಟದೆ ಇನ್ನೇನು! ಪ್ರತಿಯೊಬ್ಬರಿಗೂ ಅರ್ಧವನ್ನೇ ಬರೆದಿದ್ದೆ.

"ನೀನು ನೋಡ್ತಿದ್ದೆಯಲ್ಲ ಮಾರಾಯ," ಎಂದೆ ಚೈನ್‌ಮನ್‌ಗೆ. "ಹನ್ನೆರಡು ಜಮೀನು. ಒಂದು ಸಲನಾದ್ರೂ ಬಾಯಿ ಬಿಡಬಾರದಿತ್ತಾ?"

"ಮೇಲಿನ ಆರ್ಡರ್ ಇರ್ಬೇಕು ಅಂದ್ಕಂಡೆ ಅಯ್ಯ." ಅವನ ದನಿ ಸಣ್ಣದಾಯಿತು. "ಸರ್ಕಾರ ಎಡಗಡೆದೆಲ್ಲ ಕಾಡಿಗೆ ಇಟ್ಕಂತೈತೆ, ಬಲಗಡೆ ಮಾತ್ರ ಕೊಡ್ತೈತೆ ಅಂತ. ಇವ್ರೆಲ್ಲ ಕೇಳಿದ್ರು. ನಾನೂ ಹಂಗೇ ಹೇಳ್ದೆ."

ಪಕ್ಕದ ಗುಡಿಸಲಿನವನು ಹೌದೆಂದು ತಲೆಯಾಡಿಸಿದ. ಇಡೀ ಊರನ್ನು ನೀರಿಗೆ ಬಿಟ್ಟು ಬಂದವರಿಗೆ ಅರ್ಧ ಜಮೀನಿನ ಕಾನೂನು ವಿಚಿತ್ರ ಅನ್ನಿಸಿರಲಿಲ್ಲ. ನನ್ನ ತಲೆಯೊಳಗಿನ ಗಾಯವನ್ನು ಅವರು ಸರ್ಕಾರದ ಆಜ್ಞೆ ಎಂದುಕೊಂಡು ತಲೆಬಾಗಿದ್ದರು. ಹನ್ನೆರಡು ಮನೆಗಳಲ್ಲಿ ಬಸ್ ಹತ್ತಿ ಬಂದು ಯಾಕೆ ಎಂದು ಕೇಳಿದವಳು ಇವಳೊಬ್ಬಳೇ.

ಮಾರನೆಯ ದಿನ ತೀರ್ಥಹಳ್ಳಿಗೆ ಹೋದೆ. ನನ್ನನ್ನು ನೋಡಿದ್ದ ವೃದ್ಧ ಡಾಕ್ಟರು ಮನೆಯಲ್ಲೇ ಸಿಕ್ಕರು. ಹೇಳಿದ್ದನ್ನೆಲ್ಲ ಕೇಳಿ, ಮೂಲೆಯಲ್ಲಿದ್ದ ತಮ್ಮ ಊರುಗೋಲನ್ನು ಮೇಜಿನ ಮೇಲೆ ಅಡ್ಡ ಇಟ್ಟರು. "ಇದರ ಮಧ್ಯ ಎಲ್ಲಿದೆ, ಬೆರಳಿಡಿ."

ಕಣ್ಣಳತೆಯಲ್ಲೇ ಗದ್ದೆಯ ಮಧ್ಯ ಹೇಳುತ್ತಿದ್ದವನು ನಾನು. ಬೆರಳಿಟ್ಟೆ. ಅವರು ಒಂದು ದಾರದಿಂದ ಎರಡು ಕಡೆಯನ್ನೂ ಅಳೆದು ತೋರಿಸಿದರು. ಬಲಕ್ಕೆ ಒಂದು ಗೇಣು ಉಳಿದಿತ್ತು. ಎಡಕ್ಕೆ ಸುಮಾರು ಮೂರು ಗೇಣು.

"ನಿಮ್ಮ ಕಣ್ಣು ಸರಿ ಇದೆ," ಎಂದರು. "ಕಂಡದ್ದನ್ನು ಲೆಕ್ಕಕ್ಕೆ ತಗೊಳ್ಳೋದು ಮೆದುಳು. ಪೆಟ್ಟು ಬಿದ್ದಿರೋದು ಬಲಮೆದುಳಿಗೆ, ಅದಕ್ಕೆ ಎಡಗಡೆ ಲೆಕ್ಕಕ್ಕೆ ಬರ್ತಿಲ್ಲ. ನಾನು ಕೈಕಾಲು ನೋಡಿ ಕಳಿಸಿಬಿಟ್ಟೆ. ಇದನ್ನು ಆಗಲೇ ನೋಡಬೇಕಿತ್ತು. ನನ್ನದೂ ತಪ್ಪಾಯ್ತು."

"ವಾಸಿ ಆಗುತ್ತಾ?"

"ಸತ್ತ ಭಾಗ ಮತ್ತೆ ಹುಟ್ಟಲ್ಲ. ಆದ್ರೆ ಅದರ ಪಕ್ಕದ್ದು, ಆಚೆ ಬದಿಯದ್ದು, ನಿಧಾನಕ್ಕೆ ಆ ಕೆಲಸ ವಹಿಸಿಕೊಳ್ಳೋದುಂಟು. ನಾನೇ ಕಂಡಿದೀನಿ. ಹೇಗೆ ಅಂತ ಕೇಳಿದ್ರೆ ನನ್ನ ಪುಸ್ತಕದಲ್ಲಿ ಹೆಚ್ಚಿಗೆ ಬರೆದಿಲ್ಲ. ಒಂದು ಮಾತು ಹೇಳಬಲ್ಲೆ. ಮಾಡಿಸಿದ್ರೆ ಕಲಿಯುತ್ತೆ. ಸುಮ್ಮನೆ ಮಲಗಿಸಿದ್ರೆ ಕಲಿಯಲ್ಲ."

"ಎಷ್ಟು ದಿನ?"

"ಗೊತ್ತಿಲ್ಲ," ಎಂದರು. ಅವರು ಹಾಗೆ ನೇರವಾಗಿ ಹೇಳಿದ್ದು ನನಗೆ ಎಷ್ಟೋ ಸಮಾಧಾನ ಕೊಟ್ಟಿತು.

ಬಸ್ಸಿನಲ್ಲಿ ವಾಪಸು ಬರುವಾಗ ಎರಡು ದಾರಿ ಕಂಡವು. ಆ ಹೆಂಗಸಿನ ಟಿಪ್ಪಣಿಯನ್ನು ಮಾತ್ರ ಕೈತಪ್ಪು ಎಂದು ತಿದ್ದಿ ಕಳಿಸಿದರೆ ವಿಷಯ ಅಲ್ಲಿಗೆ ಮುಚ್ಚಿಹೋಗುತ್ತಿತ್ತು. ಉಳಿದ ಹನ್ನೊಂದು ಮನೆಯವರು ಕೇಳಿರಲಿಲ್ಲ, ಕೇಳುವವರೂ ಅಲ್ಲ. ನಿಜ ಹೇಳಿದರೆ ನನ್ನನ್ನು ಅನರ್ಹ ಎಂದು ಮನೆಗೆ ಕಳಿಸುವುದು ಬಹುತೇಕ ಖಾತ್ರಿ. ಮನೆ ಎಂದರೆ ಆ ಕೋಣೆ. ನನಗೆ ಭಯವಾಯಿತು, ಸುಳ್ಳೇಕೆ ಹೇಳಲಿ. ರಿಪ್ಪನ್‌ಪೇಟೆಯಲ್ಲಿ ಬಸ್ ನಿಂತಾಗ ಒಮ್ಮೆ, ಬಾಯಿ ಮುಚ್ಚಿಕೊಂಡಿರೋಣ ಎಂದು ತೀರ್ಮಾನಿಸಿಯೂ ಬಿಟ್ಟಿದ್ದೆ. ಆಮೇಲೆ ಆ ಮಾತು ನೆನಪಾಯಿತು, 'ಮೇಲಿನ ಆರ್ಡರ್'. ನಾನು ಸುಮ್ಮನಿದ್ದರೆ ಅದು ನಿಜವಾದ ಆರ್ಡರೇ ಆಗಿಬಿಡುತ್ತಿತ್ತು. ಹೊಸನಗರದಲ್ಲಿ ಇಳಿದವನು ಕೋಣೆಗೆ ಹೋಗದೆ ಸಾಗರದ ಬಸ್ಸಿಗೆ ನಿಂತೆ.

ಹೆಡ್ ಸರ್ವೇಯರು ಖಡಕ್ ಮನುಷ್ಯರು. ಹನ್ನೆರಡೂ ಟಿಪ್ಪಣಿಗಳನ್ನು ಮೇಜಿನ ಮೇಲೆ ಹರಡಿ, ನಾನು ಹೇಳಿದ್ದನ್ನು ಕೇಳುತ್ತ ಒಂದೊಂದಾಗಿ ನೋಡಿದರು.

"ನೀವು ಹೇಳದಿದ್ರೆ ಇದು ಯಾರಿಗೂ ಗೊತ್ತಾಗ್ತಿರಲಿಲ್ಲ," ಎಂದರು ಕೊನೆಗೆ.

"ಗೊತ್ತು ಸಾರ್."

"ಬೇರೆ ಸರ್ವೇಯರ್ ಬರೋದು ಮಳೆಗಾಲ ಕಳೆದ ಮೇಲೆ. ಪಟ್ಟಿ ಮಳೆಗೆ ಮುಂಚೆ ಹೋಗ್ಬೇಕು. ಏನು ಮಾಡೋಣ?"

ಆಗ ಬಸ್ಸಿನಲ್ಲಿ ಹೊಳೆದದ್ದನ್ನು ಹೇಳಿದೆ. ಹೋಗುವಾಗ ಯಾವುದು ಎಡವೋ ಬರುವಾಗ ಅದೇ ಬಲ. ಪ್ರತಿ ಗೆರೆಯನ್ನೂ ಎರಡು ಸಲ ನಡೆಯುತ್ತೇನೆ. ಹೋಗುವಾಗ ಬಲದ ಬೇಲಿ, ಬರುವಾಗ ಬಲದ ಬೇಲಿ. ಎರಡನ್ನೂ ಸೇರಿಸಿದರೆ ಇಡೀ ಜಮೀನು. ಅವರು ಪೆನ್ಸಿಲ್ ತೆಗೆದುಕೊಂಡು ಒಂದು ಹಾಳೆಯ ಮೇಲೆ ಗೆರೆ ಎಳೆದು ನೋಡಿದರು. "ಸರಿ. ಎರಡು ಜಮೀನು ನಾನೇ ಬಂದು ತಾಳೆ ನೋಡ್ತೀನಿ, ಯಾವುದು ಅಂತ ಮೊದಲೇ ಹೇಳಲ್ಲ. ಒಂದು ತಪ್ಪಿದ್ರೂ ನಿಮ್ಮನ್ನ ಮೆಡಿಕಲ್ ಬೋರ್ಡಿಗೆ ಕಳಿಸ್ಬೇಕಾಗುತ್ತೆ." ಅರಣ್ಯದವರಿಗೆ ಬೇಲಿ ಕೀಳದಂತೆ ಅವರೇ ಕಾಗದ ಬರೆದರು.

ಕೆಲಸ ಮತ್ತೆ ಶುರುವಾಯಿತು. ದಿನಕ್ಕೆ ಎರಡು ಇದ್ದದ್ದು ಎರಡು ದಿನಕ್ಕೆ ಒಂದಾಯಿತು. ತೊಂದರೆ ನಾನು ಎಣಿಸದ ಕಡೆಯಿಂದ ಬಂತು. ವಾಪಸು ಬರುವಾಗ ದೂರವನ್ನು ಕೊನೆಯ ಬಾವುಟದಿಂದ ಎಣಿಸಿರುತ್ತೇವೆ. ಗೆರೆ ಒಟ್ಟು ಹದಿನಾಲ್ಕು ಸರಪಳಿ ಇದ್ದರೆ, ಬರುವಾಗಿನ ನಾಲ್ಕು ಎಂದರೆ ಹೋಗುವಾಗಿನ ಹತ್ತು. ಪ್ರತಿ ಅಂಕಿಯನ್ನೂ ಒಟ್ಟಿನಿಂದ ಕಳೆದು ಬರೆಯಬೇಕು. ಮೂರನೆಯ ಜಮೀನಿನಲ್ಲಿ ಕಳೆಯುವುದನ್ನೇ ಮರೆತೆ. ನಕ್ಷೆ ಎಳೆದಾಗ ಚೈನ್‌ಮನ್ ಬಗ್ಗಿ ನೋಡಿ, "ಅಯ್ಯಾ, ಪಕ್ಕದ ಮನೆಯೋರ ಗುಡಿಸ್ಲು ಇವ್ರ ಅಂಗಳಕ್ಕೆ ನಡ್ಕಂಡು ಬಂದೈತಲ!" ಎಂದ. ಇಬ್ಬರೂ ನಕ್ಕೆವು. ಲಕ್ವ ಹೊಡೆದ ಮೇಲೆ ನಾನು ನಕ್ಕದ್ದು ಅದೇ ಮೊದಲಿರಬೇಕು. ಆಮೇಲೆ ಇಡೀ ದಿನದ ಅಳತೆಯನ್ನು ಹೊಡೆದುಹಾಕಿ ಮತ್ತೆ ತೆಗೆದೆವು.

ಇನ್ನೊಂದು ತೊಡಕು ಅವನದೇ. ನಾನು ಏನಾದರೂ ಬಿಟ್ಟರೆ ತಕ್ಷಣ ಹೇಳು ಎಂದರೆ ಅವನಿಂದ ಆಗುತ್ತಿರಲಿಲ್ಲ.

"ಅಯ್ಯೋರ ತಪ್ಪು ನಾ ಹೆಂಗೆ ಹೇಳದು? ನಾಲಿಗೆ ಬರದಿಲ್ಲ."

"ನಾಲಿಗೆ ಬೇಡ. ಸರಪಳಿ ಅಲ್ಲಾಡಿಸು."

ಅದು ಅವನಿಗೆ ಒಪ್ಪಿಗೆಯಾಯಿತು. ನಾನು ಬೇಲಿಯ ತಿರುವು ದಾಟಿ ಮುಂದೆ ಹೋದರೆ ಹಿಂದಿನಿಂದ ಝಣ್ ಎಂದು ಸದ್ದು ಬರುತ್ತಿತ್ತು. ಮೊದಮೊದಲು ಗೆರೆಗೆ ಐದಾರು ಸಲ ಬರುತ್ತಿತ್ತು.

ಸಂಜೆ ಕೋಣೆಯಲ್ಲಿ ಒಬ್ಬನೇ ಅಭ್ಯಾಸ ಮಾಡುತ್ತಿದ್ದೆ. ಪುಸ್ತಕದ ಪ್ರತಿ ಪುಟದ ಎಡ ಅಂಚಿಗೂ ಕೆಂಪು ಪೆನ್ಸಿಲ್ಲಿನ ದಪ್ಪ ಗೆರೆ ಎಳೆದಿದ್ದೆ. ಆ ಕೆಂಪು ಕಾಣುವವರೆಗೆ ಸಾಲು ಓದಕೂಡದು ಎಂಬುದು ನಾನೇ ಹಾಕಿಕೊಂಡ ಕಾನೂನು. ಬೆರಳಿಟ್ಟು ಅಂಚಿನವರೆಗೆ ಹುಡುಕಿಕೊಂಡು ಹೋಗಬೇಕಾಗುತ್ತಿತ್ತು. ಅರ್ಧ ಪುಟಕ್ಕೆ ಹಣೆ ಬೆವರುತ್ತಿತ್ತು. ನಲವತ್ತಾರು ವರ್ಷದವನು ಒಂದನೇ ಕ್ಲಾಸಿನವನ ಹಾಗೆ ಕೂತಿದ್ದೇನೆ, ಭೇಷ್ ಎನ್ನುವ ಮೇಷ್ಟರೂ ಇಲ್ಲ ಎಂದು ಎಷ್ಟೋ ಸಲ ಅತ್ತಿದ್ದೇನೆ. ಮೆಸ್ಸಿನ ಅಮ್ಮನಿಗೆ ನಿಜ ಹೇಳಿ ಕ್ಷಮೆ ಕೇಳಿದೆ. ಅವರು ಅಂದಿನಿಂದ ಎಲೆ ಹಾಕಿ, "ಎಡಕ್ಕೆ ನೋಡ್ರೀ, ಎಡಕ್ಕೆ" ಎಂದು ಅಡಿಗೆಮನೆಯಿಂದಲೇ ಕೂಗತೊಡಗಿದರು. ಉಳಿದವರು ನಗುತ್ತಿದ್ದರು. ನನಗೆ ಮಾತ್ರ ಆ ಕೂಗಿನಿಂದ ಊಟ ಹಿತವಾಗುತ್ತಿತ್ತು.

ಬದಲಾವಣೆ ಯಾವ ದಿನ ಬಂತು ಎಂದು ಹೇಳಲಾರೆ. ಆರನೆಯ ಜಮೀನಿನಲ್ಲಿ ಹೋಗುವಾಗಲೇ ಎಡಗಡೆ ಯಾರೋ ನಿಂತಿರುವಂಥ ಕಸಿವಿಸಿಯಾಯಿತು. ಏನು ಎಂದು ಗೊತ್ತಾಗಲಿಲ್ಲ. ಕುತ್ತಿಗೆಯನ್ನು ಬಲವಂತವಾಗಿ ತಿರುಗಿಸಿದರೆ ಅಲ್ಲಿ ಒಂದು ಹುಣಾಲು ಮರ. ಎಂಟನೆಯದರಲ್ಲಿ ಎಡದ ಬೇಲಿಯ ಒಂದು ತಿರುವನ್ನು ಸರಪಳಿ ಸದ್ದಾಗುವ ಮೊದಲೇ ಹಿಡಿದೆ. ಒಂಬತ್ತನೆಯದರಲ್ಲಿ ಮತ್ತೆ ಏನೂ ಇಲ್ಲ, ಹಿಂದಿನ ರಾತ್ರಿ ಜ್ವರ ಬಂದು ಸುಸ್ತಾಗಿತ್ತು. ಸುಸ್ತಾದ ದಿನ ಎಡಗಡೆ ಮೊದಲು ಹೋಗುತ್ತದೆ ಎಂದು ಕಲಿತೆ. ಅಂಥ ದಿನ ಸರಪಳಿ ಬಿಚ್ಚುತ್ತಲೇ ಇರಲಿಲ್ಲ. ಹೊಸದಾಗಿ ಕಲಿತದ್ದು ಹಳೆಯದರಂತೆ ತಾನಾಗಿ ಬರುತ್ತಿರಲಿಲ್ಲ. ಪ್ರತಿ ಸಲವೂ ಕರೆದು ತರಬೇಕಿತ್ತು.

ಹೆಡ್ ಸರ್ವೇಯರು ಹೇಳದೆ ಕೇಳದೆ ಬಂದರು. ಅವರು ಆರಿಸಿದ್ದರಲ್ಲಿ ಒಂದು ಆ ಹೆಂಗಸಿನದೇ. ನಾನು ದೂರದಲ್ಲಿ ಕಲ್ಲಿನ ಮೇಲೆ ಕೂತಿದ್ದೆ. ಅವರು ಒಂದೇ ಸಲ ನಡೆದು, ಎರಡು ಬದಿಯನ್ನೂ ಒಟ್ಟಿಗೆ ಅಳೆಯುತ್ತ ಹೋದರು. ಎಷ್ಟು ಸಲೀಸು! ಹೊಟ್ಟೆಕಿಚ್ಚಾಯಿತು. ಲೆಕ್ಕ ಮುಗಿಸಿ ನನ್ನ ಹಾಳೆಯ ಪಕ್ಕ ತಮ್ಮದನ್ನಿಟ್ಟು, "ಎರಡು ಎಕರೆ ಮೂವತ್ತೆಂಟು ಗುಂಟೆ. ತಾಳೆ ಆಯ್ತು" ಎಂದರು. ಮತ್ತೊಂದೂ ತಾಳೆಯಾಯಿತು. ಅರ್ಧ ಜಮೀನಿನ ಕಲ್ಲನ್ನು ಕೀಳಿಸಿ ಒರತೆಯ ಆಚೆ ನೆಡಿಸಿದೆ. ಆ ಹೆಂಗಸು ಹೊಸ ಕಲ್ಲನ್ನು ಕೈಯಿಂದ ಅಲ್ಲಾಡಿಸಿ ಗಟ್ಟಿಯಾಗಿದೆಯೇ ಎಂದು ನೋಡಿದಳು. "ಇನ್ನು ಇದ್ನ ಯಾರೂ ಕೀಳಂಗಿಲ್ಲ ಅಲಾ ಅಯ್ಯ?" ಎಂದಳು. ಇಲ್ಲ ಎಂದೆ.

ಉಳಿದದ್ದು ಹನ್ನೆರಡನೆಯದು. ಎಲ್ಲಕ್ಕಿಂತ ಆಚೆ, ಕಾಡಿಗೆ ಅಂಟಿಕೊಂಡು ಇದ್ದದ್ದರಿಂದ ಅದನ್ನು ಕೊನೆಗಿಟ್ಟಿದ್ದೆ. ಒಬ್ಬ ಮುದುಕ, ಅವನ ಮಗ, ಸೊಸೆ. ಹೋಗಿ ನೋಡಿದರೆ ಗುಡಿಸಲಿಗೆ ಬಾಗಿಲ ತಟ್ಟಿ ಇರಲಿಲ್ಲ. ಒಲೆಯ ಮೇಲೆ ಗೆದ್ದಲು ಹತ್ತಿತ್ತು.

"ಹೋದ್ರು," ಎಂದಳು ನಮ್ಮ ಹಿಂದೆಯೇ ಬಂದಿದ್ದ ಆ ಹೆಂಗಸು. "ನೀವು ಮೊದ್ಲು ಅಳೆದ್ರಲ, ಅದರ ಮಾರನೇ ದಿನವೇ. ಕೊಪ್ಪದ ಕಡೆ ಎಸ್ಟೇಟಿಗಂತೆ. ಮೂರು ಜನಕ್ಕೆ ಇಷ್ಟರಲ್ಲಿ ಗಂಜಿ ಹುಟ್ಟದಿಲ್ಲ ಅಂದ್ರು."

ಚೈನ್‌ಮನ್ ಸರಪಳಿಯನ್ನು ಕೆಳಗಿಟ್ಟ. "ಆವತ್ತು ಮುದುಕ ಬೇಲಿ ಹತ್ರ ನಿಂತು ಕೇಳಿದ್ದ ಅಯ್ಯ, ನೆನಪೈತಾ? 'ಇಷ್ಟೇ ಅಲಾ?' ಅಂತ. ನೀವು 'ಇಷ್ಟೇ' ಅಂದ್ರಿ. ಅವ ಕೈ ಮುಗಿದು ಒಳಗೆ ಹೋದ."

ನನಗೆ ನೆನಪಿರಲಿಲ್ಲ. ಮುದುಕ ಯಾವ ಬದಿಗೆ ನಿಂತಿದ್ದನೋ.

ಎರಡು ದಿನ ರಜೆ ಹಾಕಿ ತೀರ್ಥಹಳ್ಳಿಯ ಮೇಲೆ ಕೊಪ್ಪದ ಕಡೆಗೆ ಹೋದೆ. ನಾಲ್ಕು ಎಸ್ಟೇಟಿನ ಗೇಟಿನಲ್ಲಿ ವಿಚಾರಿಸಿದೆ. ಮುಳುಗಡೆಯವರು ಬಹಳ ಜನ ಬರುತ್ತಾರೆ, ಹೋಗುತ್ತಾರೆ, ಯಾರ ಊರು ಯಾವುದು ಎಂದು ಯಾರು ಕೇಳುತ್ತಾರೆ ಎಂದರು. ಮುದುಕನ ಮುಖವನ್ನಾದರೂ ವರ್ಣಿಸೋಣ ಎಂದರೆ ನಾನು ಅದನ್ನು ಸರಿಯಾಗಿ ನೋಡಿರಲಿಲ್ಲ. ವಾಪಸು ಬಂದೆ. ಗೈರುಹಾಜರಾದವರ ಜಮೀನನ್ನು ಅಳೆಯುವ ಅಗತ್ಯವಿಲ್ಲ, 'ಸ್ವಇಚ್ಛೆಯಿಂದ ಬಿಟ್ಟು ಹೋಗಿದ್ದಾರೆ' ಎಂದು ಷರಾ ಬರೆದರೆ ಸಾಕು ಎಂದು, ನಾನು ಕೇಳಿ ಬರೆದಿದ್ದ ಕಾಗದಕ್ಕೆ ಸಾಗರದಿಂದ ಉತ್ತರ ಬಂದಿತ್ತು. ಷರಾ ಅಂಕಣದಲ್ಲಿ 'ಮೋಜಣಿದಾರನ ತಪ್ಪು ಅಳತೆಯ ಕಾರಣ ಬಿಟ್ಟು ಹೋಗಿದ್ದಾರೆ' ಎಂದು ಬರೆದೆ, ರುಜು ಹಾಕಿದೆ.

ಮೊದಲ ಮೋಡ ಕಟ್ಟಿದ ದಿನ ಚೈನ್‌ಮನ್‌ನನ್ನು ಕರೆದುಕೊಂಡು ಹನ್ನೆರಡನೆಯ ಜಮೀನಿಗೆ ಹೋದೆ. ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ ನಡೆದೆ. ಸರಪಳಿ ಒಂದು ಸಲವೂ ಸದ್ದು ಮಾಡಲಿಲ್ಲ. ಎಡಗಡೆ ಇಳಿಜಾರಿನಲ್ಲಿ ಅವರು ಗದ್ದೆಗೆಂದು ಕಡಿದಿದ್ದ ಮೂರು ಮಡಿ, ಮಣ್ಣಿನ ಏರಿ, ಏರಿಯ ಮೇಲೆ ಬಾಳೆ ಸಾಲು. ಇಡೀ ಜಮೀನಿನಲ್ಲಿ ಒಳ್ಳೆಯ ಮಣ್ಣು ಇದ್ದದ್ದೇ ಆ ಕಡೆ. ಎರಡು ಎಕರೆ ಮೂವತ್ತೊಂದು ಗುಂಟೆ ಬಂತು.

ಗಾಡಿಯಲ್ಲಿ ನಾಲ್ಕು ಕಲ್ಲು ತರಿಸಿದ್ದೆ. ಮೊದಲನೆಯದಕ್ಕೆ ನಾನು ಹಾರೆ ಹಾಕುವಾಗ ಚೈನ್‌ಮನ್ ಕೇಳಿದ.

"ಈ ಕಲ್ಲು ಯಾರಿಗೆ ಅಯ್ಯ?"

"ಅವರಿಗೆ."

"ಅವ್ರೇ ಇಲ್ವಲ."

"ಬಂದು ಇಷ್ಟೇನಾ ಅಂತ ಕೇಳಿದ್ರೆ?"

ಅವನು ನನ್ನ ಎಡಗೈಯಿಂದ ಜಾರುತ್ತಿದ್ದ ಹಾರೆಯನ್ನು ತೆಗೆದುಕೊಂಡು, ಗುಂಡಿಯನ್ನು ಇನ್ನೂ ಒಂದು ಮೊಳ ಆಳ ಮಾಡಿದ.